ಘಟ್ಟ ಹತ್ತದ ಸರ್ಕಸ್ ರೈಲು

ಸುಲಭವಾಗಿ ಆಗುವ ಕೆಲಸಕ್ಕೆ ಯಾರಾದರೂ ಏಣಿ ಹಾಕಿ ಹಗ್ಗ ಕಟ್ಟಿ ಒದ್ದಾಡುತ್ತಿದ್ದರೆ ನಮ್ಮ ಕಡೆ "ಎಂತ ಸರ್ಕಸ್ ಮಾಡ್ತಿದೀಯ ಮಾರಾಯ?" ಅಂತ ಕೇಳುತ್ತಾರೆ. ಮಾತು ಇಷ್ಟು ಸಲೀಸಾಗಿ ಬಾಯಿಗೆ ಬರಬೇಕಾದರೆ ಸರ್ಕಸ್ ಅನ್ನುವುದು ಒಂದು ಕಾಲಕ್ಕೆ ಎಷ್ಟು ಮನೆಮಾತಾಗಿರಬೇಕು ನೋಡಿ. ತಮಾಷೆ ಏನೆಂದರೆ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ನಮ್ಮಂಥವರು ಸರ್ಕಸ್ ನೋಡಿದ್ದಕ್ಕಿಂತ ಅದರ ಬಗ್ಗೆ ಕೇಳಿದ್ದೇ ಹೆಚ್ಚು. ಹಾಸನಕ್ಕೆ ಬಂದಿದೆಯಂತೆ, ಶಿವಮೊಗ್ಗಕ್ಕೆ ಬಂದಿದೆಯಂತೆ, ಇಪ್ಪತ್ತು ಆನೆ ಇವೆಯಂತೆ, ಸಿಂಹದ ಬಾಯೊಳಗೆ ತಲೆ ಇಡುತ್ತಾರಂತೆ... ಹೀಗೆ ಎಲ್ಲವೂ "ಅಂತೆ".

ಇದಕ್ಕೆ ಕಾರಣ ರೈಲು. ದೊಡ್ಡ ಸರ್ಕಸ್ ಕಂಪನಿಗಳು ರೈಲಿನ ಮೇಲೆ ಬದುಕಿದ್ದವು. ನಮಗೆ ರೈಲೇ ಇರಲಿಲ್ಲ.

ಬೆಂಗಳೂರಿನಿಂದ ಹರಿಹರದವರೆಗಿನ ರೈಲುದಾರಿ ಹತ್ತೊಂಬತ್ತನೇ ಶತಮಾನ ಮುಗಿಯುವ ಮೊದಲೇ ಬಂತು. ಅದು ಅರಸೀಕೆರೆ, ಕಡೂರು, ಬೀರೂರು ದಾಟಿ ಬಯಲಿನಲ್ಲೇ ಹೋಯಿತು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಕವಲು ಹೊಡೆಯಿತು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡಡಿ ಅಗಲದ ಹಳಿಯ ಮೇಲೆ ಪುಟ್ಟ ಟ್ರಾಮು ಒಂದು ಕಾಲಕ್ಕೆ ಓಡುತ್ತಿತ್ತು. ಅದು ಮರದ ದಿಮ್ಮಿ ಹೊರುವುದಕ್ಕೆ ಸರಿ, ಆನೆ ಹೊರುವುದಕ್ಕಲ್ಲ. ಹಾಸನದಿಂದ ಸಕಲೇಶಪುರದ ಮೇಲೆ ಮಂಗಳೂರಿಗೆ ಹೋಗುವ ದಾರಿ ಪೂರ್ತಿಯಾದದ್ದು 1979ರಲ್ಲಿ. ಜಿಲ್ಲಾ ಕೇಂದ್ರವಾದ ಚಿಕ್ಕಮಗಳೂರಿಗೆ ಮೊದಲ ರೈಲು ಬಂದದ್ದು 2013ರ ನವೆಂಬರ್ 19ರಂದು! ಕಡೂರಿನಿಂದ ನಲವತ್ತಾರು ಕಿಲೋಮೀಟರು ಬರುವುದಕ್ಕೆ ರೈಲಿಗೆ ನೂರಿಪ್ಪತ್ತು ವರ್ಷ ಹಿಡಿಯಿತು. ಅಷ್ಟು ಹೊತ್ತಿಗೆ ಸರ್ಕಸ್ಸೇ ರೈಲು ಇಳಿದು ಹೋಗಿತ್ತು. ಆ ಕಥೆಗೆ ಆಮೇಲೆ ಬರುತ್ತೇನೆ.

ನಮ್ಮ ದೇಶದ ಸರ್ಕಸ್ಸಿಗೆ ಮೂಲಪುರುಷ ವಿಷ್ಣುಪಂತ ಛತ್ರೆ. ಕೃಷ್ಣಾ ತೀರದ ಕುರುಂದವಾಡ ಸಂಸ್ಥಾನದಲ್ಲಿ, ಅಂದರೆ ನಮ್ಮ ಚಿಕ್ಕೋಡಿ ಸೀಮೆಗೆ ಹತ್ತಿರದಲ್ಲೇ, ರಾಜರ ಕುದುರೆ ಪಳಗಿಸುತ್ತಿದ್ದವರು. 1879ರಲ್ಲಿ ಇಟಲಿಯ ಚಿಯಾರಿನಿಯ ಸರ್ಕಸ್ ಮುಂಬಯಿಗೆ ಬಂದಿತ್ತು. ಭಾರತದವರಿಗೆ ಇದೆಲ್ಲ ಆಗುವ ಕೆಲಸವಲ್ಲ ಎಂದು ಚಿಯಾರಿನಿ ಹಂಗಿಸಿದನಂತೆ, ಛತ್ರೆ ಸವಾಲು ಹಾಕಿದರಂತೆ. ಕಥೆಗೆ ರೆಕ್ಕೆಪುಕ್ಕ ಎಷ್ಟೇ ಇರಲಿ, 1880ರ ಮಾರ್ಚಿನಲ್ಲಿ ಛತ್ರೆಯವರ 'ಗ್ರೇಟ್ ಇಂಡಿಯನ್ ಸರ್ಕಸ್' ಮುಂಬಯಿಯಲ್ಲಿ ಆಟ ಶುರು ಮಾಡಿದ್ದು ನಿಜ.

ಈ ಛತ್ರೆ ಬರೀ ಕುದುರೆ ಸವಾರರಲ್ಲ. ಗ್ವಾಲಿಯರಿನ ಹದ್ದೂ ಖಾನರ ಹತ್ತಿರ ಸಂಗೀತ ಕಲಿತವರು. ಗುರುವಿನ ಮಗ ರಹಿಮತ್ ಖಾನ್ ಅಫೀಮಿನ ಚಟಕ್ಕೆ ಬಿದ್ದು ದಿಕ್ಕಿಲ್ಲದೆ ಅಲೆಯುತ್ತಿದ್ದಾಗ ಅವರನ್ನು ಕರೆತಂದು ತಮ್ಮ ಸರ್ಕಸ್ಸಿನ ಜೊತೆಗೇ ಇಟ್ಟುಕೊಂಡರು. ಯೋಚನೆ ಮಾಡಿ: ಒಂದು ಕಡೆ ಸಿಂಹದ ಗರ್ಜನೆ, ಇನ್ನೊಂದು ಕಡೆ ಕುದುರೆ ಲದ್ದಿ, ನಡುವೆ ಒಂದು ಡೇರೆಯಲ್ಲಿ ಗ್ವಾಲಿಯರ್ ಘರಾನೆಯ ಆ ಕಾಲದ ದೊಡ್ಡ ಗಾಯಕ. ಇವರ ಗಾಯನದ ಪ್ರಭಾವ ಅಬ್ದುಲ್ ಕರೀಂ ಖಾನರ ಮೇಲೆ ಆಯಿತು. ಕರೀಂ ಖಾನರ ಶಿಷ್ಯ ನಮ್ಮ ಕುಂದಗೋಳದ ಸವಾಯಿ ಗಂಧರ್ವರು. ಅವರ ಶಿಷ್ಯರು ಯಾರ್ಯಾರು ಅಂತ ನಿಮಗೆ ಹೇಳಬೇಕಿಲ್ಲ. ಧಾರವಾಡ ಸೀಮೆಯ ಸಂಗೀತಕ್ಕೆ ಸರ್ಕಸ್ಸಿನ ಹಿಂದಿನ ಡೇರೆಯಿಂದ ಒಂದು ಎಳೆ ಬಂದು ಸೇರಿದೆ ಅನ್ನುವುದು ನನಗಂತೂ ಖುಷಿಯ ವಿಷಯ. (ಇಲ್ಲಿಗೆ ನಿಲ್ಲಿಸುತ್ತೇನೆ, ಇಲ್ಲವಾದರೆ ಇದು ಸಂಗೀತದ ಬರಹ ಆಗಿಬಿಡುತ್ತದೆ.)

ಛತ್ರೆಯವರ ಕಂಪನಿ ಊರೂರು ಸುತ್ತುತ್ತ ಮಲಬಾರಿನ ತಲಶ್ಶೇರಿಗೆ ಹೋದಾಗ ಅಲ್ಲಿ ಕೀಲೇರಿ ಕುಞಿಕಣ್ಣನ್ ಎಂಬ ಮೇಷ್ಟ್ರು ಸಿಕ್ಕಿದರು. ಬಾಸೆಲ್ ಮಿಶನ್ ಶಾಲೆಯಲ್ಲಿ ಮಕ್ಕಳಿಗೆ ಕಸರತ್ತು ಕಲಿಸುತ್ತಿದ್ದವರು, ಕಳರಿಪಯಟ್ಟು ಬಲ್ಲವರು. 1901ರಲ್ಲಿ ಅವರು ತಲಶ್ಶೇರಿ ಹತ್ತಿರದ ಚಿರಕ್ಕರದಲ್ಲಿ ಸರ್ಕಸ್ ಶಾಲೆಯನ್ನೇ ತೆರೆದರು. ಅಲ್ಲಿಂದ ಮುಂದೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಭಾರತದ ಸರ್ಕಸ್ ಅಂದರೆ ತಲಶ್ಶೇರಿ ಅನ್ನುವಂತಾಯಿತು. ಆಟಗಾರರು, ಮ್ಯಾನೇಜರು, ಅಡುಗೆಯವರು, ಗುಡಾರದ ಕೆಲಸದವರು ಎಲ್ಲ ಆ ಕಡೆಯವರೇ. ಗುಡಾರದ ಹಿಂದಿನ ಭಾಷೆಯೂ ಮಲಯಾಳವೇ ಆಯಿತು.

ಆ ಶಾಲೆಯ ಕಣ್ಣನ್ ಎಂಬ ಹುಡುಗ, ಕುಣಿಯುವ ಹಗ್ಗದ ಮೇಲೆ ಜಿಗಿದು ಲಾಗ ಹಾಕುವವನು, 'ಕಣ್ಣನ್ ಬೊಂಬಾಯೋ' ಎಂಬ ಹೆಸರಿನಲ್ಲಿ 1930ರ ದಶಕದಲ್ಲಿ ಅಮೆರಿಕದ ರಿಂಗ್ಲಿಂಗ್ ಬ್ರದರ್ಸ್ ಸರ್ಕಸ್ಸಿನಲ್ಲಿ ಆಡಿದ. ಅಂದರೆ ಪ್ರಪಂಚದ ಅತಿದೊಡ್ಡ ಸರ್ಕಸ್ ರೈಲಿನಲ್ಲಿ ನಮ್ಮ ಪಕ್ಕದ ಕರಾವಳಿಯ ಒಬ್ಬ ಮಲಗಿ ಎದ್ದಿದ್ದಾನೆ.

ಅಮೆರಿಕದ ಆ ರೈಲಿನ ಸಮಾಚಾರವೇ ಬೇರೆ. 1872ರಲ್ಲಿ ಬಾರ್ನಮ್ಮನ ಪಾಲುದಾರ ಡಬ್ಲ್ಯೂ. ಸಿ. ಕೂಪ್ ಎಂಬಾತ ಒಂದು ಉಪಾಯ ಮಾಡಿದ. ಸಾಮಾನು ತುಂಬಿದ ಗಾಡಿಗಳನ್ನು ಬಿಚ್ಚದೆ, ಬಾಗಿಲಿಲ್ಲದ ಚಪ್ಪಟೆ ವ್ಯಾಗನ್ನುಗಳ ಸಾಲಿನ ಒಂದು ತುದಿಗೆ ಹಲಗೆಯ ಇಳಿಜಾರು ಕೊಟ್ಟು, ವ್ಯಾಗನ್ನಿನಿಂದ ವ್ಯಾಗನ್ನಿಗೆ ಸೇತುವೆ ಹಾಕಿ, ಒಂದರ ಹಿಂದೊಂದು ಉರುಳಿಸಿಕೊಂಡು ಹೋಗುವುದು. ಇಳಿಸುವಾಗಲೂ ಹಾಗೆಯೇ. ಇದರಿಂದ ದಿನಕ್ಕೊಂದು ಊರು ಸಾಧ್ಯವಾಯಿತು. ರಾತ್ರಿ ಆಟ ಮುಗಿದರೆ ಬೆಳಿಗ್ಗೆ ಇನ್ನೊಂದು ಊರಿನಲ್ಲಿ ಗುಡಾರ. ಮೊದಲ ರೈಲಿನಲ್ಲಿ ಅಡುಗೆಮನೆ ಹೋಗುತ್ತಿತ್ತು, ಕೆಲಸದವರು ಇಳಿಯುವ ಹೊತ್ತಿಗೆ ತಿಂಡಿ ರೆಡಿ ಇರಬೇಕಲ್ಲ! 1947ರಲ್ಲಿ ರಿಂಗ್ಲಿಂಗ್ ಸರ್ಕಸ್ 108 ಬೋಗಿ, ವ್ಯಾಗನ್ನುಗಳ ಮೇಲೆ ಓಡುತ್ತಿತ್ತು. ಸಾವಿರಕ್ಕೂ ಮೇಲ್ಪಟ್ಟು ಜನ. ಅವರ ಮನೆಯೇ ರೈಲು. ದೊಡ್ಡ ಆಟಗಾರರಿಗೆ ಕೋಣೆ, ಗೂಟ ಹೊಡೆಯುವ ಕೂಲಿಗಳಿಗೆ ಮೂರು ಅಂತಸ್ತಿನ ಅಟ್ಟಣಿಗೆ, ಒಂದು ಹಾಸಿಗೆಗೆ ಇಬ್ಬರು.

ನಮ್ಮಲ್ಲಿ ಹಾಗಲ್ಲ. ಇಲ್ಲಿ ಒಂದು ಊರಿಗೆ ಬಂದರೆ ಎರಡು ಮೂರು ವಾರ, ಚೆನ್ನಾಗಿ ನಡೆದರೆ ತಿಂಗಳು ಮೇಲೆ. ನಾಟಕ ಕಂಪನಿಯವರ ಹಾಗೆ ಇವರೂ ಅದಕ್ಕೆ 'ಕ್ಯಾಂಪ್' ಅಂತಲೇ ಅನ್ನುತ್ತಿದ್ದರು. ರೈಲು ಬರೀ ಸಾಗಣೆಗೆ. ವಾಸವೆಲ್ಲ ಮೈದಾನದಲ್ಲಿ, ರಾವುಟಿಗಳಲ್ಲಿ. ಹಾಗಾಗಿ ನಮ್ಮ ಸರ್ಕಸ್ ಅಂದರೆ ಒಂದು ಊರೇ ಎದ್ದು ಬಂದು ಇನ್ನೊಂದು ಊರಿನ ಪಕ್ಕ ಕೂತ ಹಾಗೆ.

ಈ ಊರು ಏಳುವುದು, ಕೂರುವುದು ಇದೆಯಲ್ಲ, ರಿಂಗಿನೊಳಗೆ ನಡೆಯುತ್ತಿದ್ದುದಕ್ಕಿಂತ ದೊಡ್ಡ ಸರ್ಕಸ್ ಅದೇ. ಟಿಕೆಟ್ ಕೊಟ್ಟವರು ಯಾರೂ ಅದನ್ನು ನೋಡುತ್ತಿರಲಿಲ್ಲ.

ಕಂಪನಿ ಬರುವುದಕ್ಕೆ ಬಹಳ ಮೊದಲೇ ಅದರ ಮ್ಯಾನೇಜರ್ ಒಬ್ಬ ಬಂದು ಊರಿನ ಲಾಡ್ಜಿನಲ್ಲಿ ಉಳಿಯುತ್ತಿದ್ದ. ಪುರಸಭೆಯಿಂದ ಮೈದಾನ, ಪೊಲೀಸರಿಂದ ಪರವಾನಗಿ, ಮನರಂಜನಾ ತೆರಿಗೆಯ ಲೆಕ್ಕ, ನೀರು, ಕರೆಂಟು, ಆನೆಗೆ ಸೊಪ್ಪು, ಹುಲಿಗೆ ಮಾಂಸ, ನೆಲಕ್ಕೆ ಹಾಸುವ ಮರದ ಹೊಟ್ಟು, ಎಲ್ಲ ಗೊತ್ತು ಮಾಡಬೇಕು. ಒಂದು ದೊಡ್ಡ ಆನೆಗೆ ದಿನಕ್ಕೆ ನೂರೈವತ್ತು ಕಿಲೋ ಮೇವು ಬೇಕು. ಹತ್ತು ಆನೆಗೆ ಲೆಕ್ಕ ಹಾಕಿ. ಹುಲಿ, ಸಿಂಹಕ್ಕೆ ತಲೆಗೆ ಏಳೆಂಟು ಕಿಲೋ ಮಾಂಸ. ಆಟ ಇರಲಿ ಬಿಡಲಿ, ಮಳೆ ಬರಲಿ ಬಂದ್ ಆಗಲಿ, ಈ ಖರ್ಚು ನಿಲ್ಲುವುದಿಲ್ಲ. ಸರ್ಕಸ್ ಮಾಲೀಕರ ನಿದ್ದೆ ಕೆಡಿಸುತ್ತಿದ್ದುದು ಹುಲಿಯಲ್ಲ, ಹುಲಿಯ ಊಟ.

ಕೊನೆಯ ದಿನ ಕೊನೆಯ ಆಟ ನಡೆಯುತ್ತಿರುವಾಗಲೇ ಹಿಂದೆ ಊರು ಬಿಚ್ಚುವ ಕೆಲಸ ಶುರು. ಕುದುರೆ ಆಟ ಮುಗಿಯಿತೋ, ಕುದುರೆಗಳು ಸ್ಟೇಷನ್ನಿನ ಕಡೆ ಹೊರಟವು. ಪಂಜರ ಹೊರಬಂತೋ, ಗಾಡಿ ಏರಿತು. ಮೇಲೆ ಉಯ್ಯಾಲೆ ಆಟ ನಡೆಯುತ್ತಿದ್ದರೆ ಕೆಳಗೆ ಹಿಂಬದಿಯ ಗ್ಯಾಲರಿಯ ಹಲಗೆ ಕಳಚುತ್ತಿದ್ದರು. ಜನ ಹೊರಟ ಮೇಲೆ ಹಗ್ಗ ಸಡಿಲಿಸಿ ಗುಡಾರ ಇಳಿಸುವುದು. ಹತ್ತಾರು ಆಳು ಒಟ್ಟಿಗೆ ಕೂಗು ಹಾಕುತ್ತಾ ಕ್ಯಾನ್ವಾಸ್ ಸುತ್ತುವುದು. ಕಂಬ ಎತ್ತುವುದಕ್ಕೂ ಇಳಿಸುವುದಕ್ಕೂ ಆನೆಯೇ ಕ್ರೇನು. ಸಂಜೆ ಹಣೆಪಟ್ಟಿ ಕಟ್ಟಿಕೊಂಡು ಸ್ಟೂಲಿನ ಮೇಲೆ ಕೂತು ನಮಸ್ಕಾರ ಮಾಡಿದ ಆನೆ ರಾತ್ರಿ ಹನ್ನೆರಡಕ್ಕೆ ಕೂಲಿ ಕೆಲಸ ಮಾಡುತ್ತಿತ್ತು.

ಇಷ್ಟು ಅವಸರ ಯಾಕೆ ಅಂದರೆ ರೈಲ್ವೆಯ ಲೆಕ್ಕ. ಸೈಡಿಂಗಿನಲ್ಲಿ ವ್ಯಾಗನ್ ನಿಲ್ಲಿಸಿ ಇಷ್ಟು ಗಂಟೆಯೊಳಗೆ ತುಂಬಬೇಕು, ಇಳಿಸುವಾಗ ಇಷ್ಟು ಗಂಟೆಯೊಳಗೆ ಖಾಲಿ ಮಾಡಬೇಕು ಅಂತ ಗಡುವು. ಮೀರಿದರೆ ಡೆಮರೇಜು, ಗಂಟೆ ಲೆಕ್ಕದಲ್ಲಿ ದಂಡ. ಮಂಡಿಯ ಸಾಹುಕಾರರು ಹೆದರುತ್ತಿದ್ದ ಅದೇ ಡೆಮರೇಜಿಗೆ ಸರ್ಕಸ್ಸಿನ ಪೈಲ್ವಾನನೂ ಹೆದರಬೇಕು. ರೈಲ್ವೆ ಪುಸ್ತಕದಲ್ಲಿ ಸಿಂಹವೂ ಸರಕೇ, ಸಿಮೆಂಟೂ ಸರಕೇ.

ನಮ್ಮ ಕಡೆ ಬರುವವರಿಗೆ ಇನ್ನೊಂದು ಸಂಕಟ ಇತ್ತು. ಗೇಜಿನದು. ಮದ್ರಾಸಿನಿಂದ ಬೆಂಗಳೂರಿನವರೆಗೆ ಐದೂವರೆ ಅಡಿಯ ಬ್ರಾಡ್‌ಗೇಜು. ಅಲ್ಲಿಂದ ಈಚೆ ಮೈಸೂರು, ಹಾಸನ, ಅರಸೀಕೆರೆ, ಬೀರೂರು, ಶಿವಮೊಗ್ಗ, ಹುಬ್ಬಳ್ಳಿ ಎಲ್ಲ ಮೂರಡಿ ಚಿಲ್ಲರೆಯ ಮೀಟರ್‌ಗೇಜು. ನಕಾಶೆ ತೆಗೆದು ನೋಡಿ, ತಲಶ್ಶೇರಿಯಿಂದ ಶಿವಮೊಗ್ಗ ಏನು ಮಹಾ ದೂರ? ಆದರೆ ಅಲ್ಲಿಂದ ರೈಲಿನಲ್ಲಿ ಬರಬೇಕೆಂದರೆ ಶೊರನೂರು, ಪೋದನೂರು, ಸೇಲಂ, ಜೋಲಾರಪೇಟೆ ಅಂತ ಇಡೀ ದಕ್ಷಿಣ ಸುತ್ತಿ ಬೆಂಗಳೂರು ಸೇರಿ, ಅಲ್ಲಿ ಒಂದೊಂದು ಕಂಬ, ಒಂದೊಂದು ಹಲಗೆ, ಒಂದೊಂದು ಪ್ರಾಣಿಯನ್ನೂ ಇಳಿಸಿ ಪಕ್ಕದ ಹಳಿಯ ಚಿಕ್ಕ ವ್ಯಾಗನ್ನಿಗೆ ಏರಿಸಿ ಮತ್ತೆ ಹೊರಡಬೇಕು. ಆನೆಗೆ ಒಂದು ವ್ಯಾಗನ್ ಹತ್ತುವುದೇ ಇಷ್ಟವಿಲ್ಲ. ಕಾಲಿಟ್ಟು ಹಲಗೆ ಗಟ್ಟಿ ಇದೆಯೇ ಅಂತ ಪರೀಕ್ಷೆ ಮಾಡಿಯೇ ಹತ್ತುವ ಪ್ರಾಣಿ ಅದು. ಅಂಥದ್ದು ಒಂದೇ ಪ್ರಯಾಣದಲ್ಲಿ ಎರಡು ಸಲ. ಇದೆಲ್ಲ ಆಗಿ ಕಡೂರಿನಲ್ಲಿ ಇಳಿದರೆ ಚಿಕ್ಕಮಗಳೂರಿಗೆ ಮತ್ತೆ ಲಾರಿ. ಮೂಡಿಗೆರೆಗೆ ಅಲ್ಲಿಂದ ಇನ್ನೂ ಮೂವತ್ತು ಕಿಲೋಮೀಟರು ತಿರುವಿನ ದಾರಿ. ಕಳಸದ ಮಾತು ಬಿಡಿ. ಯಾವ ಮ್ಯಾನೇಜರ್ ತಾನೇ ಈ ಲೆಕ್ಕ ಹಾಕಿ "ನಡೀರಿ ಘಟ್ಟಕ್ಕೆ" ಅನ್ನುತ್ತಾನೆ? ಲಾರಿಯಲ್ಲಿ ಬರುವಂಥ ಸಣ್ಣ ಕಂಪನಿಗಳಷ್ಟೇ ನಮ್ಮ ಪಾಲಿಗೆ. ನಾಲ್ಕು ನಾಯಿ, ಎರಡು ಸೈಕಲ್ಲು, ಒಬ್ಬ ಜೋಕರು.

ಮಳೆಯೂ ಅಡ್ಡ. ಮೂಡಿಗೆರೆಯಲ್ಲಿ ವರ್ಷಕ್ಕೆ ತೊಂಬತ್ತು ನೂರು ಇಂಚು ಹೊಡೆಯುತ್ತದೆ (ನಮ್ಮವರಿಗೆ ಮಳೆ ಇನ್ನೂ ಇಂಚಿನಲ್ಲೇ). ಒದ್ದೆ ಕ್ಯಾನ್ವಾಸಿನ ತೂಕ ಎರಡು ಪಟ್ಟು, ಕೆಸರಿನಲ್ಲಿ ಗೂಟ ನಿಲ್ಲುವುದಿಲ್ಲ. ಹಾಗಾಗಿ ಮಲೆನಾಡಿನ ಅಂಚಿನ ಊರುಗಳ ಕಡೆ ಸರ್ಕಸ್ಸಿನವರು ಮುಖ ಹಾಕಬೇಕಾದರೆ ದೀಪಾವಳಿ ಕಳೆಯಬೇಕು. ಆಗಲೇ ಕಾಫಿ ಕೊಯ್ಲು. ಡಿಸೆಂಬರಿನಿಂದ ಫೆಬ್ರವರಿವರೆಗೆ ತೋಟಗಳಲ್ಲಿ ಆಳು, ಲೈನ್ ಮನೆಗಳು ಭರ್ತಿ, ವಾರಕ್ಕೊಮ್ಮೆ ಬಟವಾಡೆ, ಜನರ ಕೈಯಲ್ಲಿ ನಾಲ್ಕು ಕಾಸು.

ನನ್ನ ದೊಡ್ಡಪ್ಪ ಮೂಡಿಗೆರೆ ಹತ್ತಿರದ ತೋಟವೊಂದರಲ್ಲಿ ರೈಟರಾಗಿದ್ದರು. 1960ರ ದಶಕದಲ್ಲಿ ಒಮ್ಮೆ ತೋಟದ ಲಾರಿಯಲ್ಲಿ ಆಳುಗಳ ಜೊತೆ ಹಾಸನಕ್ಕೆ ಸರ್ಕಸ್ ನೋಡಲು ಹೋಗಿದ್ದರಂತೆ. ಹುಲಿ ಹೇಗಿತ್ತು ದೊಡ್ಡಪ್ಪ ಅಂತ ಕೇಳಿದರೆ, "ಹುಲಿ ನೋಡಕ್ಕೆ ಹಾಸನಕ್ಕೆ ಹೋಗ್ಬೇಕಿತ್ತಾ ಮಾರಾಯ? ಅದು ನಮ್ ತೋಟಕ್ಕೇ ಬರ್ತಿತ್ತು" ಅನ್ನುತ್ತಿದ್ದರು. ಅವರಿಗೆ ನೆನಪಿದ್ದದ್ದು ಬೇರೆ. ಆಟಕ್ಕೆ ಇನ್ನೂ ಹೊತ್ತಿದೆ ಅಂತ ಗುಡಾರದ ಹಿಂದಕ್ಕೆ ಒಂದು ಸುತ್ತು ಹೋಗಿದ್ದಾರೆ. ಅಲ್ಲಿ ಹತ್ತು ಹನ್ನೆರಡು ವರ್ಷದ ಹೆಣ್ಣುಮಕ್ಕಳು ಸಾಲಾಗಿ ಕೂತು ಹರಿದ ಕಾಲುಚೀಲಕ್ಕೆ ಹೊಲಿಗೆ ಹಾಕುತ್ತಿದ್ದರಂತೆ. ಒಬ್ಬಳ ಅಂಗೈ ತುಂಬ ಬೊಬ್ಬೆ. ಆಮೇಲೆ ರಾತ್ರಿ ದೀಪದ ಬೆಳಕಿನಲ್ಲಿ ಅದೇ ಹುಡುಗಿ ಮೇಲಿನಿಂದ ನಗುತ್ತ ಕೈ ಬೀಸಿದಾಗ ದೊಡ್ಡಪ್ಪನಿಗೆ ಚಪ್ಪಾಳೆ ತಟ್ಟುವುದಕ್ಕೆ ಮನಸ್ಸಾಗಲಿಲ್ಲವಂತೆ. "ನಮ್ ಲೈನ್ ಮನೆ ಮಕ್ಳ ಕೈ ಇದ್ದಂಗೇ ಇತ್ತು ಕಣೋ" ಅಂದಿದ್ದರು.

ಗುಡಾರದ ಹಿಂದಿನ ದಿನಚರಿ ಬಹಳ ಕಟ್ಟುನಿಟ್ಟಿನದು. ಬೆಳಗಾಗುವ ಮುಂಚೆಯೇ ಅಭ್ಯಾಸ. ರಿಂಗಿನ ಅಡ್ಡಳತೆ ಜಗತ್ತಿನ ಎಲ್ಲ ಕಡೆ ಸುಮಾರು 42 ಅಡಿ, ಲಂಡನ್ನಿನ ಫಿಲಿಪ್ ಆಸ್ಟ್ಲಿ ಎಂಬ ಕುದುರೆ ಸವಾರ ಹದಿನೆಂಟನೇ ಶತಮಾನದಲ್ಲಿ ಹಾಕಿಕೊಟ್ಟ ಅಳತೆ. ಓಡುವ ಕುದುರೆಯ ಬೆನ್ನ ಮೇಲೆ ನಿಲ್ಲುವವನಿಗೆ ಆ ಸುತ್ತಳತೆಯಲ್ಲಿ ಸಮತೋಲ ಸರಿಯಾಗಿ ಸಿಗುತ್ತದೆ. ಊರು ಬದಲಾದರೂ ಕಾಲಿಗೂ ಕುದುರೆಗೂ ನೆಲ ಅದೇ. ಅಭ್ಯಾಸ ಆದ ಮೇಲೆ ದೊಡ್ಡ ಹಂಡೆಗಳ ಅಡುಗೆ, ಊಟ, ಬಟ್ಟೆ ಒಗೆತ, ಹರಿದದ್ದು ಹೊಲಿಯುವುದು. ದಿನಕ್ಕೆ ಎರಡು ಅಥವಾ ಮೂರು ಆಟ. ಹೆಣ್ಣುಮಕ್ಕಳ ಡೇರೆಗಳು ಬೇರೆ, ಅದಕ್ಕೊಬ್ಬ ಹೆಂಗಸು ಕಾವಲು, ಹೊರಗೆ ಹೋಗಬೇಕಾದರೆ ಅಪ್ಪಣೆ ಬೇಕು. ಮಕ್ಕಳನ್ನು ಸೇರಿಸುವಾಗ ಮನೆಯವರಿಗೆ ಮುಂಗಡ ಕೊಟ್ಟು ಇಷ್ಟು ವರ್ಷ ಅಂತ ಕರಾರು. ಜೀತ ಅನ್ನುವ ಮಾತು ಯಾರೂ ಬಳಸುತ್ತಿರಲಿಲ್ಲ, ಅಷ್ಟೇ.

ಹೀಗಂದ ಮಾತ್ರಕ್ಕೆ ಎಲ್ಲ ಬರೀ ಕತ್ತಲೆ ಅಂತಲ್ಲ. ಹಸಿವಿನ ಮನೆಯಿಂದ ಬಂದ ಎಷ್ಟೋ ಮಕ್ಕಳಿಗೆ ಅಲ್ಲಿ ಮೂರು ಹೊತ್ತು ಅನ್ನ ಸಿಕ್ಕಿತು, ವಿದ್ಯೆ ಸಿಕ್ಕಿತು. ನಮ್ಮ ಸಂತೆಗಳಲ್ಲಿ ಹಗ್ಗದ ಮೇಲೆ ನಡೆದು ತಟ್ಟೆ ಹಿಡಿಯುತ್ತಿದ್ದ ದೊಂಬರ ಮಗುವಿಗೂ ಇವರಿಗೂ ವಿದ್ಯೆಯಲ್ಲಿ ಏನು ವ್ಯತ್ಯಾಸ? ಗುಡಾರದೊಳಗೆ ಅದಕ್ಕೆ ಟಿಕೆಟ್ ಇತ್ತು, ಬೀದಿಯಲ್ಲಿ ಚಿಲ್ಲರೆ ಕಾಸು. ಸರ್ಕಸ್ಸಿನ ಜನರೊಳಗೆ ಮದುವೆಗಳಾದವು, ಜಾತಿ ಕೇಳದ ಸಂಸಾರಗಳು ಬೆಳೆದವು. ಇದನ್ನೂ ಹೇಳಬೇಕು. ಆದರೆ ಹಳೇ ಕಾಲದ ಸರ್ಕಸ್ ನೆನಪಿಸಿಕೊಂಡು "ಎಂಥ ಚೆಂದ ಇತ್ತು" ಅಂತ ನಿಟ್ಟುಸಿರು ಬಿಡುವವರು ಆ ಕೈಯ ಬೊಬ್ಬೆಯನ್ನೂ ಒಂದು ಸಲ ನೆನೆಸಿಕೊಳ್ಳಲಿ ಅನ್ನುವುದು ನನ್ನ ತಕರಾರು.

ಅವರಿಗೆ ವಿಳಾಸ ಇರಲಿಲ್ಲ ಅನ್ನುವುದು ಸಾಮಾನ್ಯ ಸಂಗತಿಯಲ್ಲ. 1918ರ ಜೂನ್ 22ರ ಬೆಳಗಿನ ಜಾವ ಅಮೆರಿಕದ ಇಂಡಿಯಾನಾದ ಹ್ಯಾಮಂಡ್ ಎಂಬಲ್ಲಿ ಹೇಗನ್‌ಬೆಕ್-ವಾಲೇಸ್ ಸರ್ಕಸ್ಸಿನ ರೈಲು ನಿಂತಿತ್ತು. ಹಿಂದಿನಿಂದ ಖಾಲಿ ಮಿಲಿಟರಿ ರೈಲೊಂದು ಬಂದು ಗುದ್ದಿತು. ಅದರ ಡ್ರೈವರನಿಗೆ ನಿದ್ದೆ ಹತ್ತಿತ್ತು. ಮರದ ಬೋಗಿಗಳು ಪುಡಿಯಾದವು, ಒಳಗಿದ್ದ ಸೀಮೆಎಣ್ಣೆ ದೀಪಗಳಿಂದ ಬೆಂಕಿ ಹೊತ್ತಿತು. 86 ಜನ ಸತ್ತರು. ಷಿಕಾಗೋ ಹತ್ತಿರದ ಸ್ಮಶಾನದಲ್ಲಿ ಅವರಲ್ಲಿ ಹೆಚ್ಚಿನವರನ್ನು ಸಾಲಾಗಿ ಹೂಳಿದ್ದಾರೆ. ಎಷ್ಟೋ ಕಲ್ಲುಗಳ ಮೇಲೆ ಹೆಸರೇ ಇಲ್ಲ. 'ಗುರುತಿಲ್ಲದ ಗಂಡಸು', 'ಬೋಳತಲೆಯವ', 'ನಾಲ್ಕು ಕುದುರೆ ಹೊಡೆಯುವವ', ಇಷ್ಟೇ. ಕೂಲಿಗೆ ಆಗಷ್ಟೇ ಸೇರಿದವರ ಹೆಸರು ಜೊತೆಯವರಿಗೂ ಗೊತ್ತಿರಲಿಲ್ಲ. ಇನ್ನೊಂದು ಸಂಗತಿ ಕೇಳಿ. ಬೇರೆ ಕಂಪನಿಗಳು ಆಟಗಾರರನ್ನು ಎರವಲು ಕೊಟ್ಟವು, ಕೆಲವೇ ದಿನಗಳಲ್ಲಿ ಆ ಸರ್ಕಸ್ ಮತ್ತೆ ಆಟ ಶುರು ಮಾಡಿತು. ಆನೆಗೆ ಮೇವು ಹಾಕಬೇಕಲ್ಲ.

ಬೆಂಕಿ ಸರ್ಕಸ್ಸಿನ ಹಳೇ ಶತ್ರು. ಕ್ಯಾನ್ವಾಸು ನೀರು ಸೋರದ ಹಾಗೆ ಮೇಣ ಸವರುವುದು, ಆ ಮೇಣವೇ ಕಿಡಿ ಬಿದ್ದರೆ ಉರಿಯುವುದು. 1944ರ ಜುಲೈ 6ರಂದು ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ರಿಂಗ್ಲಿಂಗ್ ಸರ್ಕಸ್ಸಿನ ಗುಡಾರ ಸುಟ್ಟಾಗ ನೂರಅರವತ್ತಕ್ಕೂ ಹೆಚ್ಚು ಜನ ಹೋದರು. ಆ ಗುಡಾರಕ್ಕೆ ಪ್ಯಾರಾಫಿನ್ ಮೇಣವನ್ನು ಪೆಟ್ರೋಲಿನಲ್ಲಿ ಕರಗಿಸಿ ಬಳಿದಿದ್ದರು. ಅಷ್ಟು ದೂರ ಯಾಕೆ, ನಮ್ಮ ಬೆಂಗಳೂರಿನಲ್ಲೇ 1981ರ ಫೆಬ್ರವರಿ 7ರ ಶನಿವಾರ ವೀನಸ್ ಸರ್ಕಸ್ಸಿನ ಗುಡಾರಕ್ಕೆ ಬೆಂಕಿ ಬಿತ್ತು. ಅರವತ್ತಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಮಕ್ಕಳು. ಬೆಂಗಳೂರಿನ ಹಳಬರಿಗೆ ಇವತ್ತಿಗೂ ಸರ್ಕಸ್ ಅಂದರೆ ಮೊದಲು ನೆನಪಾಗುವುದು ಅದೇ.

ಇನ್ನು ಸರ್ಕಸ್ ರೈಲಿನಿಂದ ಇಳಿದ ಕಥೆ.

ಸ್ವಾತಂತ್ರ್ಯದ ನಂತರದ ಎರಡು ಮೂರು ದಶಕ ನಮ್ಮ ಸರ್ಕಸ್ಸುಗಳ ಒಳ್ಳೇ ಕಾಲ. ತಲಶ್ಶೇರಿ ಕಡೆಯ ಎಂ. ವಿ. ಶಂಕರನ್ ಎಂಬ ಮಾಜಿ ಸೈನಿಕ ಆರು ಸಾವಿರ ರೂಪಾಯಿಗೆ 'ವಿಜಯಾ ಸರ್ಕಸ್' ಎಂಬ ಬಡ ಕಂಪನಿಯನ್ನು ಕೊಂಡು, ಗೆಳೆಯನ ಜೊತೆ ಸೇರಿ, ಅದಕ್ಕೆ 'ಜೆಮಿನಿ' ಅಂತ ಹೆಸರಿಟ್ಟು, 1951ರ ಆಗಸ್ಟ್ 15ರಂದು ಗುಜರಾತಿನ ಬಿಲಿಮೋರಾದಲ್ಲಿ ಮೊದಲ ಆಟ ಆಡಿಸಿದರು. 1970ರಲ್ಲಿ ಬಂದ ರಾಜ್ ಕಪೂರನ 'ಮೇರಾ ನಾಮ್ ಜೋಕರ್' ಸಿನೆಮಾದಲ್ಲಿ ನೀವು ನೋಡುವ ಗುಡಾರ ಜೆಮಿನಿಯದ್ದೇ. ಆ ಶಂಕರನ್ ತೊಂಬತ್ತೆಂಟು ವರ್ಷ ಬಾಳಿ 2023ರ ಏಪ್ರಿಲಿನಲ್ಲಿ ಕಣ್ಣೂರಿನಲ್ಲಿ ತೀರಿಕೊಂಡರು.

ಕಾನೂನು ಬಂದದ್ದರಿಂದ ಸರ್ಕಸ್ ಸತ್ತಿತು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಅದಕ್ಕೂ ಮೊದಲೇ ರೈಲು ಕೈಬಿಟ್ಟಿತ್ತು. 1980ರ ದಶಕದಲ್ಲಿ ರೈಲ್ವೆಯವರು ಬಿಡಿ ವ್ಯಾಗನ್ನುಗಳ ಸಾಗಣೆ ಕಡಿಮೆ ಮಾಡಿ, ಕಲ್ಲಿದ್ದಲು, ಅದಿರು, ಸಿಮೆಂಟಿನಂಥ ಸರಕಿಗೆ ಇಡೀ ರೈಲನ್ನೇ ಕೊಡುವ ಪದ್ಧತಿಗೆ ಹೊರಳಿದರು. ಲೆಕ್ಕಕ್ಕೆ ಅದು ಸರಿಯೇ. ಆದರೆ ಹದಿನೈದು ವ್ಯಾಗನ್ ಕೊಡಿ, ಇಂಥ ಊರಿನ ಸೈಡಿಂಗಿನಲ್ಲಿ ಬಿಡಿ ಅಂತ ಕೇಳುವ ಸರ್ಕಸ್ಸಿನವನಿಗೆ ಜಾಗ ಇಲ್ಲದಾಯಿತು. 1992ರಲ್ಲಿ ದೇಶದ ಹಳಿಗಳನ್ನೆಲ್ಲ ಒಂದೇ ಗೇಜಿಗೆ ತರುವ ಕೆಲಸ ಶುರುವಾಯಿತು. ನಮ್ಮ ಅರಸೀಕೆರೆ, ಬೀರೂರು, ಶಿವಮೊಗ್ಗದ ದಾರಿಗಳೆಲ್ಲ ಆ ದಶಕದಲ್ಲೇ ಬ್ರಾಡ್‌ಗೇಜ್ ಆದವು. ಹಾಸನ-ಮಂಗಳೂರು ದಾರಿ ಮಾತ್ರ ಹತ್ತು ವರ್ಷಕ್ಕೂ ಹೆಚ್ಚು ಮುಚ್ಚಿಕೊಂಡಿದ್ದು, ಪ್ಯಾಸೆಂಜರ್ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಆ ವ್ಯಾಗನ್ ಬದಲಿಸುವ ನರಕವೇನೋ ತಪ್ಪಿತು. ಆದರೆ ತಪ್ಪಿಸಿಕೊಳ್ಳುವುದಕ್ಕೆ ಸರ್ಕಸ್ಸಿನವರು ಆ ಹೊತ್ತಿಗೆ ಲಾರಿ ಹತ್ತಿದ್ದರು. ಲಾರಿ ಬಾಡಿಗೆ ಜಾಸ್ತಿ, ಹಾಗಾಗಿ ಹೊರುವ ಸಾಮಾನು ಕಡಿಮೆ, ಗುಡಾರ ಸಣ್ಣದು, ಪ್ರಾಣಿ ಕಡಿಮೆ, ಜನ ಕಡಿಮೆ. ಟೀವಿ ಬಂದಿದ್ದು ಬೇರೆ.

ಆಮೇಲೆ ಬಂದವು ಕಾನೂನುಗಳು. ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪಳಗಿಸಿ ಆಡಿಸಬಾರದೆಂದು ಕೇಂದ್ರ ಸರಕಾರ 1998ರಲ್ಲಿ ಹೊರಡಿಸಿದ ಆದೇಶವನ್ನು 2001ರ ಮೇ 1ರಂದು ಸುಪ್ರೀಂ ಕೋರ್ಟು ಎತ್ತಿ ಹಿಡಿಯಿತು. ಕಂಪನಿಗಳಿಂದ ಬಿಡಿಸಿ ತಂದ ಎಷ್ಟೋ ಸಿಂಹ, ಹುಲಿಗಳು ನಮ್ಮ ಬನ್ನೇರುಘಟ್ಟದ ಪುನರ್ವಸತಿ ಕೇಂದ್ರಕ್ಕೇ ಬಂದವು. ಆಫ್ರಿಕದ ಮತ್ತು ಗಿರ್ ತಳಿಗಳ ಬೆರಕೆ ಸಿಂಹಗಳು. ಕಾಡಿಗೆ ಬಿಡುವ ಹಾಗಿಲ್ಲ, ಮರಿ ಮಾಡಿಸುವ ಹಾಗಿಲ್ಲ. ಹುಟ್ಟಿದಾಗಿನಿಂದ ಪಂಜರ ಬಿಟ್ಟು ಬೇರೆ ಕಾಣದ ಅವುಗಳನ್ನು ಸಾಯುವ ತನಕ ಸಾಕುವುದೊಂದೇ ದಾರಿ. 2011ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟು ಮಕ್ಕಳನ್ನು ಸರ್ಕಸ್ಸಿನಲ್ಲಿ ದುಡಿಸಿಕೊಳ್ಳುವುದನ್ನು ನಿಲ್ಲಿಸಲು ಹೇಳಿತು. ಅಷ್ಟರಲ್ಲಿ ತಲಶ್ಶೇರಿಯ ಮಕ್ಕಳು ಶಾಲೆ ಸೇರಿ ಎಷ್ಟೋ ಕಾಲವಾಗಿತ್ತು, ಡೇರೆಗಳಲ್ಲಿ ಇದ್ದದ್ದು ನೇಪಾಳದ ಬಡ ಮನೆಗಳ ಮಕ್ಕಳು. ಆ ತೀರ್ಪು ಎಪ್ಪತ್ತು ವರ್ಷ ತಡವಾಗಿ ಬಂತು ಅಂತಲೇ ನಾನು ಹೇಳುವುದು.

ಅಮೆರಿಕದಲ್ಲೂ ಹೀಗೆಯೇ. ರಿಂಗ್ಲಿಂಗಿನವರು 1956ರಲ್ಲೇ ಗುಡಾರ ಬಿಟ್ಟು ಕಟ್ಟಡಗಳೊಳಗೆ ಆಡತೊಡಗಿದರು, ರೈಲನ್ನು ಮಾತ್ರ ಇಟ್ಟುಕೊಂಡಿದ್ದರು. 2017ರ ಮೇ ತಿಂಗಳಲ್ಲಿ ಅದೂ ನಿಂತಿತು. 2023ರಲ್ಲಿ ಅದೇ ಹೆಸರಿನಲ್ಲಿ ಮತ್ತೆ ಆಟ ಶುರುವಾಗಿದೆ, ಪ್ರಾಣಿಗಳಿಲ್ಲದೆ, ರೈಲಿಲ್ಲದೆ.

ಇಲ್ಲಿ ಬೆರಳೆಣಿಕೆಯ ಕಂಪನಿಗಳು ಇನ್ನೂ ಇವೆ. ಲಾರಿಯಲ್ಲಿ ಬರುತ್ತವೆ. ಉಯ್ಯಾಲೆ, ಗೋಳದೊಳಗಿನ ಮೋಟರ್‌ಸೈಕಲ್ಲು, ಜೋಕರು. ಚಿಕ್ಕಮಗಳೂರಿನ ಸ್ಟೇಷನ್ನಿಗೆ ಪ್ಯಾಸೆಂಜರ್ ರೈಲು ಬಂದು ಹೋಗುತ್ತದೆ. 1996-97ರಲ್ಲಿ ಮಂಜೂರಾದ ಆ ದಾರಿ ಕಾಗದದ ಮೇಲೆ ಸಕಲೇಶಪುರದವರೆಗೆ ಇತ್ತು, ನೆಲದ ಮೇಲೆ ಚಿಕ್ಕಮಗಳೂರಿಗೆ ಬಂದು ನಿಂತಿತು. ಮೂಡಿಗೆರೆಯವರು ಈಗಲೂ ರೈಲು ಹತ್ತಬೇಕಾದರೆ ಬಸ್ಸು ಹಿಡಿದೇ ಹೋಗಬೇಕು.

ಕಡೂರು, ಬೀರೂರು, ತರೀಕೆರೆ, ಅರಸೀಕೆರೆ ಕಡೆಯ ಗೆಳೆಯರಲ್ಲಿ ಒಂದು ವಿನಂತಿ. ಸ್ಟೇಷನ್ನಿನ ಗೂಡ್ಸ್ ಶೆಡ್ಡಿನಲ್ಲಿ ಹಮಾಲಿ ಮಾಡಿದವರು, ಪಾಯಿಂಟ್ಸ್‌ಮನ್ ಆಗಿದ್ದವರು, ಜಟಕಾ ಹೊಡೆದವರು ನಿಮ್ಮ ಮನೆಯಲ್ಲೋ ಓಣಿಯಲ್ಲೋ ಯಾರಾದರೂ ಇನ್ನೂ ಇದ್ದರೆ ಒಂದು ಸಲ ಕೂತು ಕೇಳಿ. ರಾತ್ರಿ ಸೈಡಿಂಗಿನಲ್ಲಿ ವ್ಯಾಗನ್ ಬಾಗಿಲು ತೆಗೆದಾಗ ಮೊದಲು ಇಳಿಯುತ್ತಿದ್ದುದು ಯಾವುದು, ಕೆಲಸದವರು ಚಹಾ ಎಲ್ಲಿ ಕುಡಿಯುತ್ತಿದ್ದರು, ಆ ಹೆಣ್ಣುಮಕ್ಕಳು ಊರಿಗೆ ಕಾಗದ ಬರೆಸಿಕೊಳ್ಳಲು ಯಾರ ಹತ್ತಿರ ಬರುತ್ತಿದ್ದರು... ಸಿಕ್ಕಿದ್ದನ್ನು ಬರೆದು ಹಾಕಿ. ನಾನು ಕಾಯುತ್ತಿರುತ್ತೇನೆ.